ಗೋಡೆಗೆ ಎಣ್ಣೆಸ್ನಾನ

ನನಗೆ ಹೆಬ್ಬಾತುಗಳನ್ನು ಕಂಡರೆ ಆಗುವುದಿಲ್ಲ. ಪಕ್ಷಿಪ್ರೇಮಿಗಳು ಬೇಜಾರು ಮಾಡಿಕೊಳ್ಳಬಾರದು. ಕಾಗೆ, ಗುಬ್ಬಿ, ಪಾರಿವಾಳ, ಯಾವುದರ ಮೇಲೂ ನನ್ನ ತಕರಾರಿಲ್ಲ. ಆದರೆ ಕತ್ತಿಗೆ ನೀಲಿ ರಿಬ್ಬನ್ ಕಟ್ಟಿಕೊಂಡು, ಒಂದರ ಹಿಂದೊಂದು ಸಾಲಾಗಿ, ಎಲ್ಲಿಗೂ ಹೋಗದೆ ಸದಾ ನಡೆಯುತ್ತಲೇ ಇರುವ ಬಿಳಿ ಹೆಬ್ಬಾತುಗಳ ಚಿತ್ರವಿದೆಯಲ್ಲ, ಅದು ಬಿಸ್ಕತ್ತಿನ ಡಬ್ಬಿಯ ಮೇಲಿರಲಿ, ಕೈ ಒರೆಸುವ ಟವೆಲ್ಲಿನ ಮೇಲಿರಲಿ, ಕಂಡ ತಕ್ಷಣ ನನಗೆ ಪಿತ್ತ ನೆತ್ತಿಗೇರುತ್ತದೆ. ಬಲಗೈ ಹೆಬ್ಬೆರಳಿನ ಉಗುರು ಕೆರೆಯಲು ತಾನಾಗಿಯೇ ಸಿದ್ಧವಾಗುತ್ತದೆ. ಒಮ್ಮೆ ಅಂಗಡಿಯಲ್ಲಿ ಅಂಥದೊಂದು ಡಬ್ಬಿಯನ್ನು ನಾನು ನಿಜವಾಗಿಯೂ ಕೆರೆಯುತ್ತ ನಿಂತಿದ್ದೆ. ಮಗಳು ಅದನ್ನು ನೋಡಿ, ನನ್ನ ಪರಿಚಯವೇ ಇಲ್ಲದವಳಂತೆ ಪಕ್ಕದ ಸಾಲಿಗೆ ಹೋಗಿಬಿಟ್ಟಳು.

ಇದೆಲ್ಲ ಶುರುವಾದದ್ದು ರಿಸೆಶನ್ನಿನ ಕಾಲದಲ್ಲಿ. ಆಗ ಶಿಕಾಗೋ ಸುತ್ತಮುತ್ತ ನಮ್ಮವರು ಯಾರೇ ಎದುರಾದರೂ ಎರಡೇ ಮಾತು. ‘ನಿಮ್ಮಲ್ಲಿ ಹೇಗಿದೆ?’ ‘ಸದ್ಯಕ್ಕೆ ಇದೆ.’ ನಮ್ಮ ಯಜಮಾನರಿಗೆ ಆ ಸದ್ಯವೂ ಇಲ್ಲದಂತಾಯಿತು. ಇವರ ಆಫೀಸು ಇದ್ದದ್ದು ಶಿಕಾಗೋ ಪಕ್ಕದ ಲೈಲ್‌ನಲ್ಲಿ. ಕಿಟಕಿಯ ಪಕ್ಕದ ಮೇಜು, ಕಿಟಕಿಯಾಚೆ ಕೊಳ, ಕೊಳದ ದಡದಲ್ಲಿ ಮೈಕೈ ತುಂಬಿಕೊಂಡ ಜೀವಂತ ಹೆಬ್ಬಾತುಗಳು. ಒಂದು ಶುಕ್ರವಾರ ಮಧ್ಯಾಹ್ನ ಇವರನ್ನು ಕರೆದು, ನಿಮ್ಮನ್ನು ಹೋಗಲು ಬಿಡುತ್ತಿದ್ದೇವೆ ಅಂದರಂತೆ. ಇವರೇನೋ ಹೋಗುತ್ತೇನೆ ಅಂತ ಹಗ್ಗ ಜಗ್ಗುತ್ತಿದ್ದ ಹಾಗೆ, ಅವರು ಪಾಪ ಕರುಣೆಯಿಂದ ಗೂಟದಿಂದ ಬಿಚ್ಚಿದ ಹಾಗೆ! ಇವರು ಮೇಜಿನ ಮೇಲಿದ್ದ ಪುಟ್ಟ ಗಣಪತಿಯನ್ನು ಊಟದ ಡಬ್ಬಿಯೊಳಗೆ ಇಟ್ಟುಕೊಂಡು ಹೊರಬಂದರೆ, ಕಾರಿಗೆ ಅಡ್ಡ ಒಂದು ಹೆಬ್ಬಾತು ನಿಂತಿತ್ತಂತೆ. ಹಾರ್ನ್ ಮಾಡಿದರೂ ಜಗ್ಗಲಿಲ್ಲವಂತೆ. ಅಷ್ಟು ಜನರನ್ನು ಮನೆಗೆ ಕಳಿಸಿದ ಕಂಪನಿ ಆ ಕೊಳದ ಒಂದು ಹೆಬ್ಬಾತನ್ನಾದರೂ ಕೆಲಸದಿಂದ ತೆಗೆಯಿತೇ? ಇಲ್ಲ. ಅವು ಈಗಲೂ ಅಲ್ಲೇ ಇವೆ, ಬೇಕಾದರೆ ಹೋಗಿ ನೋಡಿ.

ಹೋಗಲಿ, ತಿಂಗಳುಗಟ್ಟಲೆ ಅಪ್ಲೈ ಮಾಡಿ ಮಾಡಿ ಕೊನೆಗೆ ಕೆಲಸ ಸಿಕ್ಕಿದ್ದಾದರೂ ಎಲ್ಲಿ? ಡೆಟ್ರಾಯಿಟ್ ಹತ್ತಿರ. ಆಗ ಜಗತ್ತೆಲ್ಲ ಡೆಟ್ರಾಯಿಟ್ ಬಿಟ್ಟು ಓಡುತ್ತಿತ್ತು. ನಾವು ಎದುರುಗಡೆಯಿಂದ ಹೊರಟೆವು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಆರು ತಿಂಗಳ ಕಾಂಟ್ರಾಕ್ಟು, ಅದೂ ಯಾವ ವಾರ ಬೇಕಾದರೂ ಬರಬೇಡಿ ಅನ್ನಬಹುದು ಎಂಬ ಷರತ್ತಿನ ಮೇಲೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮನೆಮಂದಿಯ ಆರೋಗ್ಯವಿಮೆ ನನ್ನ ಕೆಲಸಕ್ಕೆ ಅಂಟಿಕೊಂಡಿತ್ತು. ಮಗಳು ಕಾವ್ಯಾ ಹೈಸ್ಕೂಲಿನ ನಡುವಿನಲ್ಲಿದ್ದಳು. ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆಯನ್ನು ಆ ಕಾಲದಲ್ಲಿ ಕೊಳ್ಳುವವರಿರಲಿ, ನೋಡಲು ಬರುವವರೂ ಇರಲಿಲ್ಲ. ಹಾಗಾಗಿ ನಾವಿಬ್ಬರು ಇಲ್ಲಿ, ಇವರೊಬ್ಬರು ಅಲ್ಲಿ ಎಂದಾಯಿತು.

ಅಲ್ಲಿ ಅಂದರೆ ಎಲ್ಲಿ? ಅಪಾರ್ಟ್‌ಮೆಂಟಿನವರು ಒಂದು ವರ್ಷಕ್ಕೆ ಸಹಿ ಹಾಕಿ ಅಂದರು. ಯಾರದಾದರೂ ಮನೆಯಲ್ಲಿ ಒಂದು ಕೋಣೆ ಹಿಡಿಯೋಣವೆಂದರೆ, ಇವರಿಗೆ ಪರರ ಅಡಿಗೆಮನೆಯಲ್ಲಿ ಹುಳಿ ಕುದಿಸಲು ಸಂಕೋಚ. ಒಗ್ಗರಣೆಗೆ ಇಂಗು ಹಾಕಿದ ತಕ್ಷಣ ಮನೆಯವರು ಗ್ಯಾಸ್ ಸೋರಿದೆ ಅಂತ ಹೊರಗೆ ಓಡಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಗ ದಾರಿ ತೋರಿಸಿದವರು ಪಾಟೀಲರು. ಹುಬ್ಬಳ್ಳಿಯವರು, ನಮ್ಮ ಸಬ್‌ಡಿವಿಷನ್ನಿನಲ್ಲೇ, ಅಂದರೆ ನಮ್ಮ ಬಡಾವಣೆಯಲ್ಲೇ ಮನೆ. ನಮ್ಮವರ ಪೈಕಿ ಪಿಕಪ್ ಟ್ರಕ್ ಇಟ್ಟುಕೊಂಡಿದ್ದ ಒಬ್ಬರೇ ಗೃಹಸ್ಥರು. ಒಂದು ಹಳೆಯ ಟ್ರಾವೆಲ್ ಟ್ರೈಲರ್ ತೆಗೆದುಕೊಳ್ಳಿ, ಅದರೊಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುತ್ತದೆ, ಇಂಥ ಗಾಡಿ ನಿಲ್ಲಿಸಲು ಬಾಡಿಗೆಗೆ ಜಾಗ ಕೊಡುವ ಅಲ್ಲಿನ ಕ್ಯಾಂಪ್‌ಗ್ರೌಂಡಿಗೆ ನಾನು ಎಳೆದುಕೊಂಡು ಹೋಗಿ ಬಿಡುತ್ತೇನೆ, ಕೆಲಸ ಮುಗಿದ ದಿನ ಮನೆಯನ್ನೇ ಎಳೆದುಕೊಂಡು ವಾಪಸ್ ಬನ್ನಿ ಅಂದರು. ವಾಪಸ್ ಬನ್ನಿ ಎಂಬ ಮಾತು ನನಗೆ ಹಿಡಿಸಿತು. ಒಪ್ಪಿದೆ.

ಟ್ರೈಲರ್ ಮಾರಿದವಳು ಮಾರ್ಲೀನ್ ಎಂಬ ಹಿರಿಯ ಹೆಂಗಸು. ಒಳ್ಳೆಯವಳೇ. ಗಂಡ ತೀರಿಕೊಂಡ ಮೇಲೆ ಅದನ್ನು ಎಳೆಯುವವರಿಲ್ಲ ಅಂದಳು, ಕಣ್ಣು ಒರೆಸಿಕೊಂಡಳು, ನಾನೂ ಒರೆಸಿಕೊಂಡೆ. ಆಮೇಲೆ ಬಾಗಿಲು ತೆರೆದು ಒಳಗೆ ಕರೆದಳು. ನನ್ನ ಕಣ್ಣು ಪೂರ್ತಿ ಒಣಗಿತು. ಸೂರಿಗೆ ತಾಗಿದಂತೆ, ಗಾಡಿಯ ನಾಲ್ಕೂ ಗೋಡೆಗಳಿಗೆ, ಕಿಟಕಿಯ ಮೇಲೂ ಕೆಳಗೂ, ಕೊನೆಗೆ ಬಚ್ಚಲ ಬಾಗಿಲಿನ ಮೇಲೂ ಗೇಣಗಲದ ಕಾಗದದ ಬಾರ್ಡರು. ಬಾರ್ಡರಿನ ತುಂಬ ನೀಲಿ ರಿಬ್ಬನ್ನಿನ ಹೆಬ್ಬಾತುಗಳು. ಎಲ್ಲ ನಾನೇ ಅಂಟಿಸಿದ್ದು, ಬೀಳದಿರಲಿ ಅಂತ ಎರಡು ಪಟ್ಟು ಅಂಟು ಹಾಕಿದ್ದೇನೆ ಅಂತ ಮಾರ್ಲೀನ್ ಹೆಮ್ಮೆಯಿಂದ ಹೇಳಿದಳು. ಎಲ್ಲಾದರೂ ಹರಿದರೆ ಇರಲಿ ಅಂತ ಒಂದು ಹೊಸ ಸುರುಳಿಯನ್ನೂ ನನ್ನ ಕೈಗಿಟ್ಟಳು. ಮುತ್ತೈದೆಗೆ ಉಡಿ ತುಂಬುವ ಹಾಗೆ ಎರಡೂ ಕೈಯಿಂದ ಕೊಟ್ಟಳು, ಬೇಡ ಅನ್ನಲು ಬಾಯಿ ಬರಲಿಲ್ಲ.

ಈ ಜನಕ್ಕೆ ಗೋಡೆಗೆ ಅಂಚು ಯಾಕೆ ಬೇಕು ಎಂಬುದು ನನಗೆ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ. ಅಂಚು ಇರಬೇಕಾದ್ದು ಸೀರೆಗೆ. ಸೀರೆಯ ಒಡಲು ಎಷ್ಟೇ ಸಾದಾ ಇರಲಿ, ಒಳ್ಳೆಯ ಅಂಚಿದ್ದರೆ ಉಟ್ಟವಳಿಗೊಂದು ಕಳೆ. ಈ ದೇಶದಲ್ಲಿ ಹೆಂಗಸರು ಅಂಚಿಲ್ಲದ ಬಟ್ಟೆ ಹಾಕಿಕೊಂಡು ಓಡಾಡುತ್ತಾರೆ, ಗೋಡೆಗೆ ಸೀರೆ ಉಡಿಸುತ್ತಾರೆ. ನಮ್ಮಲ್ಲೂ ದೇವಸ್ಥಾನದ ಗೋಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ, ಒಪ್ಪಿದೆ. ಆದರೆ ಅದು ಪ್ರತಿ ವರ್ಷ ಮಾಸುತ್ತದೆ, ಪ್ರತಿ ವರ್ಷ ಹೊಸದಾಗಿ ಬಳಿಯುತ್ತಾರೆ. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ಗೋಡೆ ಗೋಡೆಗೂ ಸಿನಿಮಾ ಪೋಸ್ಟರ್ ಹಚ್ಚುತ್ತಿದ್ದರು, ಬಕೆಟ್ಟಿನಲ್ಲಿ ಕುದಿಸಿದ ಮೈದಾ ಅಂಟಿನಿಂದ. ಸಿನಿಮಾ ಎತ್ತಂಗಡಿಯಾಗುವುದಕ್ಕೆ ಮುಂಚೆಯೇ ಬೀದಿಯ ಹಸುಗಳು ಬಂದು ನಾಯಕನನ್ನು ಕಾಲಿನಿಂದ ತಲೆಯವರೆಗೆ ನೆಕ್ಕಿ ತಿಂದು ಹೋಗುತ್ತಿದ್ದವು. ಹಚ್ಚುವವರು ಹಚ್ಚಿದರು, ತಿನ್ನುವವರು ತಿಂದರು, ಗೋಡೆ ಮತ್ತೆ ಗೋಡೆಯಾಯಿತು. ಅಂಟು ಅಂದರೆ ಅದು ಎಂದು ನಾನು ತಿಳಿದಿದ್ದೆ.

ಇವರಿಗೇನೂ ಆ ಬಾರ್ಡರಿನಿಂದ ತೊಂದರೆ ಇರಲಿಲ್ಲ. ಇವರ ಸ್ವಭಾವವೇ ಹಾಗೆ, ಸಾರಿಗೆ ಉಪ್ಪು ಹಾಕುವುದು ಮರೆತರೂ ಊಟ ಮುಗಿಸಿ ಎದ್ದ ಮೇಲೆ ಹೇಳುವವರು.

“ಇರ್ಲಿ ಬಿಡೇ ಪದ್ಮಾ,” ಅಂದರು. “ಹಳೇ ಕಾವ್ಯದಲ್ಲಿ ಬರೋ ಹಂಸ ಇದೆಯಲ್ಲ, ಅದೂ ಒಂಥರಾ ಹೆಬ್ಬಾತೇ ಅಂತೆ. ಸರಸ್ವತಿ ವಾಹನ ಅಂದ್ಕೊಂಡ್ರಾಯ್ತು.”

ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಂತೆ. ವಿರಹಿಗಳ ನಡುವೆ ಸುದ್ದಿ ಒಯ್ಯುತ್ತದಂತೆ. ಹಿಮಾಲಯ ದಾಟಿ ಮಾನಸ ಸರೋವರಕ್ಕೆ ಹಾರುತ್ತದಂತೆ. ಪಕ್ಷಿಶಾಸ್ತ್ರ ಬಲ್ಲವರಲ್ಲಿ ಕೆಲವರು ಅದು ತಲೆಯ ಮೇಲೆ ಪಟ್ಟೆಯಿರುವ ಹೆಬ್ಬಾತೇ ಅನ್ನುತ್ತಾರೆ. ಇರಬಹುದು. ಆದರೆ ಯಾವ ಕವಿಯ ಹಂಸವೂ ಕತ್ತಿಗೆ ನೀಲಿ ರಿಬ್ಬನ್ ಕಟ್ಟಿಕೊಂಡಿದ್ದನ್ನು ನಾನು ಓದಿಲ್ಲ. ಅಷ್ಟರಲ್ಲಿ ಕಾವ್ಯಾ ತಲೆ ಒಳಗೆ ಹಾಕಿ, “ಗೀಸ್ ಮೇಟ್ ಫಾರ್ ಲೈಫ್, ಅಮ್ಮ. ಇಟ್ಸ್ ಸ್ವೀಟ್,” ಅಂದಳು. ಜೀವನಪರ್ಯಂತ ಜೊತೆಗಿರುವ ಆ ಗಂಡುಹೆಣ್ಣುಗಳಲ್ಲಿ ಒಂದು ಇಲಿನಾಯಲ್ಲೂ ಇನ್ನೊಂದು ಮಿಶಿಗನ್ನಿನಲ್ಲೂ ಕೆಲಸ ಮಾಡುತ್ತವೆಯೇ ಕೇಳು ಅಂದೆ. ಅವಳು ಭುಜ ಕುಣಿಸಿ ಹೋದಳು.

ಈಗ ನನ್ನ ಸಿಟ್ಟಿನ ಬುಡ ಹೇಳಿಬಿಡುತ್ತೇನೆ. ನಮ್ಮಪ್ಪ ಬ್ಯಾಂಕಿನಲ್ಲಿದ್ದವರು. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಅವರಿಗೆ ರಾಯಚೂರಿಗೆ ವರ್ಗವಾಯಿತು. ಆರು ತಿಂಗಳು ಅಷ್ಟೇ, ಆಮೇಲೆ ವಾಪಸ್ ಹಾಕಿಸಿಕೊಳ್ಳುತ್ತೇನೆ ಅಂತ ಹೋದರು. ರಾಯಚೂರಾದ ಮೇಲೆ ಬೀದರ, ಬೀದರವಾದ ಮೇಲೆ ಇನ್ನೊಂದು. ನಾನು ಕಾಲೇಜು ಮುಗಿಸುವವರೆಗೂ ಆ ಆರು ತಿಂಗಳು ಮುಗಿಯಲಿಲ್ಲ. ಒಮ್ಮೆ ರಜೆಯಲ್ಲಿ ಅವರ ಬಾಡಿಗೆ ಕೋಣೆಗೆ ಹೋಗಿದ್ದೆ. ಹಿಂದಿನ ಬಾಡಿಗೆದಾರ ಅಂಟಿಸಿದ್ದ ಯಾವುದೋ ಮಕ್ಕಳ ಚಿತ್ರ ಗೋಡೆಯ ಮೇಲೆ ಹಾಗೇ ಇತ್ತು. ಅಪ್ಪ ಅದರ ಪಕ್ಕದಲ್ಲಿ ಮೊಳೆ ಹೊಡೆದು ಅಂಗಿ ತೂಗುಹಾಕಿಕೊಂಡಿದ್ದರು. ಅದನ್ನು ಕೀಳಬೇಕು ಅಂತ ಅವರಿಗೆ ಅನ್ನಿಸಿರಲೇ ಇಲ್ಲ. ಮನೆಗೆ ಬಂದಾಗಲೂ ಅವರು ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಇವರು ಆರು ತಿಂಗಳು ಅಂದ ದಿನದಿಂದ ನನಗಿದ್ದ ಹೆದರಿಕೆ ಅದೇ. ಇನ್ನೊಬ್ಬರ ಚಿತ್ರದ ಕೆಳಗೆ ಅಂಗಿ ತೂಗುಹಾಕಿಕೊಂಡು, ಹಾಗೇ ಅಭ್ಯಾಸವಾಗಿ, ಇವರೂ ಅಲ್ಲೇ ಉಳಿದುಬಿಟ್ಟರೆ? ಅದನ್ನು ಇವರಿಗೆ ಹೇಳಲು ಬಾಯಿ ಬರಲಿಲ್ಲ. ಹೆಬ್ಬಾತುಗಳಿಗೆ ಹೇಳಿದೆ. ಒಂದನ್ನೂ ಬಿಡುವುದಿಲ್ಲ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅಂದರೆ ಸ್ವೆಟರಿನ ತೋಳು ಮೇಲೆ ಮಾಡಿದೆ ಅನ್ನಿ.

ಟ್ರೈಲರನ್ನು ನಮ್ಮ ಮನೆಯೆದುರು ನಿಲ್ಲಿಸಿ ಎರಡು ದಿನವಾಗಿರಲಿಲ್ಲ, ಸಬ್‌ಡಿವಿಷನ್ನಿನ ಸಂಘದ ಮಹಾನುಭಾವರೊಬ್ಬರು ಹಲ್ಲು ಕಿರಿಯುತ್ತ ಬಂದರು. ಡ್ರೈವ್‌ವೇಯಲ್ಲಿ ಇಂಥದನ್ನು ನಿಲ್ಲಿಸುವಂತಿಲ್ಲವಂತೆ, ಅಕ್ಕಪಕ್ಕದ ಮನೆಗಳ ಬೆಲೆ ಇಳಿಯುತ್ತದಂತೆ. ಬೀದಿಯಲ್ಲಿ ಮೂರು ಮನೆಗಳ ಮುಂದೆ ಬ್ಯಾಂಕಿನವರ ಜಪ್ತಿ ಬೋರ್ಡು ನೇತಾಡುತ್ತಿತ್ತು, ಬೆಲೆ ಇಳಿಸುವುದಕ್ಕೆ ನನ್ನ ಗಾಡಿ ಬೇಕಾಗಿತ್ತಂತೆ! ಯುಗಾದಿ ಕಳೆದ ಮೇಲೆ ತೆಗೆಯುತ್ತೇವೆ ಅಂದೆ. ಯುಗಾದಿ ಎಂದರೆ ಯಾವಾಗ ಎಂದು ಅವರಿಗೆ ತಿಳಿಯಲಿಲ್ಲ, ನಾನೂ ತಿಳಿಸಲಿಲ್ಲ.

ಇಂಟರ್ನೆಟ್ಟಿನಲ್ಲಿ ಬಾರ್ಡರು ಕೀಳುವ ವಿಧಾನ ಬರೆದವರೆಲ್ಲ ಒಂದೇ ಜಾತಿಯವರು. ಒಂದು ಮೂಲೆ ಹಿಡಿದೆಳೆಯಿರಿ, ಸರ್ರನೆ ಬರುತ್ತದೆ, ಅನ್ನುತ್ತಾರೆ. ನಾನು ಮೂಲೆ ಹಿಡಿದೆಳೆದೆ. ಮೇಲಿನ ಪ್ಲಾಸ್ಟಿಕ್ ಪೊರೆ ಮಾತ್ರ ಬಂತು, ಕಾಗದ ಗೋಡೆಯಲ್ಲೇ ಉಳಿಯಿತು. ನೆನೆಸಿ ಅಂತ ಇನ್ನೊಬ್ಬರು ಬರೆದಿದ್ದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿದೆ. ಟ್ರೈಲರಿನ ಗೋಡೆ ಗೋಡೆಯಲ್ಲ, ಹಪ್ಪಳದಷ್ಟು ತೆಳ್ಳಗಿನ ಹಲಗೆ, ಅದಕ್ಕೊಂದು ಮರದ ಗೆರೆಗಳನ್ನು ಅಚ್ಚುಹಾಕಿದ ಕಾಗದದ ಚರ್ಮ. ನೀರು ತಾಗಿದ ಕಡೆ ಹೆಬ್ಬಾತಿಗೆ ಏನೂ ಆಗಲಿಲ್ಲ, ಗೋಡೆಯ ಚರ್ಮ ಮಾತ್ರ ಪೂರಿಯ ಹಾಗೆ ಉಬ್ಬಿತು. ಆಮೇಲೆ ಅಂಗಡಿಯಿಂದ ತಂದ ದ್ರಾವಣ. ಬಾಟಲಿಯ ಮೇಲೆ ಒಬ್ಬ ಹೆಂಗಸು ನಗುನಗುತ್ತ ಒಂದೇ ಕೈಯಲ್ಲಿ ಇಡೀ ಗೋಡೆ ಕೆರೆಯುತ್ತಿದ್ದಳು. ಅವಳು ನನ್ನ ಕೈಗೆ ಸಿಕ್ಕಿದ್ದರೆ ಇರುತ್ತಿತ್ತು. ಆ ವಾಸನೆಗೆ ನನಗೆ ತಲೆ ಸುತ್ತು ಬಂದು ಇವರು ನನ್ನನ್ನು ಹೊರಗೆ ಕೂರಿಸಿ ನಿಂಬೆಹಣ್ಣು ಮೂಸಿಸಬೇಕಾಯಿತು.

ಕಡೆಗೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ, ಬಿಸಿಯಿರುವಾಗಲೇ ಕೆರೆದರೆ ಕಾಗದ ಬರುತ್ತದೆ ಎಂದು ಕಂಡುಕೊಂಡೆವು. ಅಂಗಡಿಯ ಉಳಿಗಳೆಲ್ಲ ಹಲಗೆಗೆ ಗಾಯ ಮಾಡುತ್ತಿದ್ದವು. ಮೈಸೂರಿನಿಂದ ಬರುವಾಗ ಅಮ್ಮ ಕೊಟ್ಟಿದ್ದ ದೋಸೆ ಮಗುಚುವ ಕೈ, ಸವೆದು ಸವೆದು ಎಲೆಯ ಹಾಗಾಗಿತ್ತು, ಅದು ಕೆಲಸಕ್ಕೆ ಬಂತು. ಸಂಜೆ ಲ್ಯಾಬಿನಿಂದ ಬಂದವಳೇ ನಾನು ಗಾಡಿಯೊಳಗೆ. ಇವರು ಯಂತ್ರ ಹಿಡಿಯುವುದು, ನಾನು ಕೆರೆಯುವುದು. ಒಂದೊಂದು ಹೆಬ್ಬಾತಿಗೂ ಒಂದೊಂದು ಹೆಸರಿಟ್ಟು ಕೆರೆದೆ. ಹೋಗಲು ಬಿಡುತ್ತೇವೆ ಅಂದ ಮ್ಯಾನೇಜರು, ಹಲ್ಲು ಕಿರಿದ ಸಂಘದವರು, ಪಾಟ್‌ಲಕ್ಕಿನ ಊಟದಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ ‘ಅಯ್ಯೋ, ಟ್ರೈಲರ್‌ನಲ್ಲಾ?’ ಅಂತ ಸೌಟು ಗಾಳಿಯಲ್ಲೇ ಹಿಡಿದು ನಿಂತ ಒಬ್ಬ ಆಂಟಿ, ಎಲ್ಲರೂ ಸುರುಳಿ ಸುರುಳಿಯಾಗಿ ಕೆಳಗೆ ಬಿದ್ದರು. ಮನಸ್ಸು ಹಗುರಾಯಿತು ಅಂತ ಸುಳ್ಳು ಹೇಳುವುದಿಲ್ಲ. ಭುಜ ಹಿಡಿದುಕೊಂಡಿತು, ಅಷ್ಟೇ.

ಇಷ್ಟಾದರೂ ಹೆಬ್ಬಾತು ಹೋಯಿತು, ಅಂಟು ಉಳಿಯಿತು. ಮಾರ್ಲೀನಳ ಎರಡು ಪಟ್ಟು ಅಂಟು, ಕಂದು ಬಣ್ಣದ ಪಟ್ಟಿಯಾಗಿ ನಾಲ್ಕೂ ಗೋಡೆಯ ಮೇಲೆ ಅಂಟಂಟಾಗಿ ಕೂತಿತ್ತು. ಮುಟ್ಟಿದರೆ ಬೆರಳು ಹಿಡಿಯುತ್ತಿತ್ತು. ಅದನ್ನು ಮೂಸಿ ನೋಡಿ, ಬೆರಳಿಗೆ ಬೆರಳು ಉಜ್ಜಿ ನೋಡಿ, ನನಗೆ ಥಟ್ಟನೆ ಹೊಳೆಯಿತು. ಇದು ಹಲಸಿನ ಮೇಣದ ತಮ್ಮ! ಹಲಸಿನ ಹಣ್ಣು ಬಿಡಿಸುವಾಗ ನಾವು ಏನು ಮಾಡುತ್ತೇವೆ? ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಮೇಣ ಜಾರಿ ಬರುತ್ತದೆ. ಈ ದೇಶದ ಅಂಗಡಿಯ ಬುದ್ಧಿವಂತರಿಗೆ ಇಷ್ಟು ಗೊತ್ತಿಲ್ಲವಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಂಡಿಯನ್ ಸ್ಟೋರಿನಿಂದ ದೊಡ್ಡ ಡಬ್ಬಿ ಕೊಬ್ಬರಿ ಎಣ್ಣೆ ತಂದು, ಬಿಸಿನೀರಿನಲ್ಲಿಟ್ಟು ಕರಗಿಸಿ, ಗೋಡೆಗೆ ಹಚ್ಚಿ ತಿಕ್ಕಿದೆ. ಅಂಟು ಉಂಡೆ ಉಂಡೆಯಾಗಿ ಉದುರಿತು. ಇವರಿಗೂ ಆಶ್ಚರ್ಯ. ನಾನು ಆ ರಾತ್ರಿ ಊಟಕ್ಕೆ ಪಾಯಸ ಮಾಡಿದೆ.

ಕೊಬ್ಬರಿ ಎಣ್ಣೆ ಮೈಸೂರಿನಲ್ಲಿ ಎಣ್ಣೆ. ಏಪ್ರಿಲ್ ಮೊದಲ ವಾರದ ಶಿಕಾಗೋದಲ್ಲಿ, ನಲವತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅದು ಬೆಣ್ಣೆ. ಚಳಿಗಾಲವೆಲ್ಲ ಬಚ್ಚಲಲ್ಲಿ ಬಾಟಲಿಯನ್ನು ಬಿಸಿನೀರಿಗೆ ಹಿಡಿದು ಹಿಡಿದು ತಲೆಗೆ ಹಚ್ಚಿಕೊಂಡ ನನಗೆ ಅದು ನೆನಪಾಗಬಾರದಿತ್ತೇ? ಬೆಳಗ್ಗೆ ಹೋಗಿ ನೋಡಿದರೆ ಗೋಡೆಗಳೆಲ್ಲ ಬೆಳ್ಳಗೆ ಹೆಪ್ಪುಗಟ್ಟಿಕೊಂಡಿದ್ದವು. ಬಟ್ಟೆಯಿಂದ ಒರೆಸಿದೆ, ಹೋಯಿತು ಅಂದುಕೊಂಡೆ. ಇವರು ಅದರ ಮೇಲೆ ಬಿಳಿ ಬಣ್ಣ ಬಳಿದರು. ಬಣ್ಣ ಗೋಡೆಗೆ ಹತ್ತಲಿಲ್ಲ. ಹನಿ ಹನಿಯಾಗಿ ಜಾರಿ, ಹಾಸಿಗೆಯ ಹಲಗೆಯ ಮೇಲೆ ಬಂದು ನಿಂತಿತು. ಇವರು ಬ್ರಷ್ಷು ಹಿಡಿದುಕೊಂಡು ಗೋಡೆಯನ್ನೂ ನನ್ನನ್ನೂ ನೋಡಿದರು. ಒಂದು ಮಾತಾದರೂ ಅಂದಿದ್ದರೆ ನಾನು ನಾಲ್ಕು ಅಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅನ್ನಲಿಲ್ಲ. ಅದಕ್ಕೂ ಸಿಟ್ಟು ಬಂತು. ಮರುವಾರ ಕೆಲಸಕ್ಕೆ ಹಾಜರಾಗಬೇಕು, ಗಾಡಿ ಹೊರಡಬೇಕು, ಗೋಡೆಗಳು ಬೋಂಡ ಕರಿದ ಬಾಣಲೆಯ ಹಾಗೆ ಮಿರಮಿರ ಮಿಂಚುತ್ತಿದ್ದವು. ನಾನು ಗಾಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಆ ಹೊತ್ತಿಗೆ ಸರಿಯಾಗಿ ಪಾಟೀಲರು ಟ್ರಕ್ಕಿನ ಕೊಂಡಿ ಅಳತೆ ನೋಡಲು ಬಂದರು. ನಾನು ಅಳುತ್ತಿರುವುದನ್ನು ಕಾಣದವರ ಹಾಗೆ ಒಳಗೆ ಹೋದರು, ಗೋಡೆಗೆ ಬೆರಳಿಟ್ಟರು, ಬೆರಳು ಮೂಸಿದರು, ಹೊರಗೆ ಬಂದರು.

“ಅಕ್ಕಾರ, ಗ್ವಾಡಿಗೆ ಎಣ್ಣಿ ಹಚ್ಚೀರಿ,” ಅಂದರು. “ಇನ್ನ ಜಳಕಾ ಮಾಡಸ್ರಿ, ಅಷ್ಟ. ಅದಕ್ಯಾಕ ಅಳ್ತೀರಿ?”

ಅವರು ತಮಾಷೆಗೆ ಅಂದರೋ ನಿಜವಾಗಿ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಳೆ ಯುಗಾದಿ. ಮನೆಯಲ್ಲಿ ಸೀಗೆಪುಡಿ ತಂದಿಟ್ಟಿತ್ತು. ಎಣ್ಣೆಯನ್ನು ಬಿಡಿಸುವುದು ಸೀಗೆಕಾಯಿ ಎಂಬುದನ್ನು ನನಗೆ ಹುಬ್ಬಳ್ಳಿಯವರು ಬಂದು ಹೇಳಬೇಕಾಯಿತೇ ಎಂದು ಅವರ ಮೇಲೂ ಒಂದು ಗಳಿಗೆ ಸಿಟ್ಟು ಮಾಡಿದೆ. ಕಣ್ಣು ಒರೆಸಿಕೊಂಡು ಎದ್ದೆ.

ಯುಗಾದಿಯ ಬೆಳಗ್ಗೆ ಇವರನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತಿದೆ. ಕಾವ್ಯಾಳಿಗೂ ಒತ್ತಿದೆ. ಅವಳು, “ಅಮ್ಮ, ಐ ಹ್ಯಾವ್ ಸ್ಕೂಲ್,” ಅಂತ ಗೊಣಗಿದಳು, ತಲೆ ಮಾತ್ರ ಬಗ್ಗಿಸಿದಳು. ಮೂವರ ಸ್ನಾನವಾದ ಮೇಲೆ, ಮಿಕ್ಕ ಸೀಗೆಪುಡಿಯನ್ನೆಲ್ಲ ಬಕೆಟ್ಟಿನಲ್ಲಿ ಕಲಸಿಕೊಂಡು ಇವರೂ ನಾನೂ ಟ್ರೈಲರಿಗೆ ಹೋದೆವು. ಹಲಗೆ ಉಬ್ಬಬಾರದೆಂದು ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಹಿಂಡಿ, ಗೇಣು ಗೇಣು ಗೋಡೆಯನ್ನು ತಿಕ್ಕಿ ತೊಳೆದೆವು. ಮೊದಲು ಮೈಕೈಯೆಲ್ಲ ಕಂದಾಯಿತು, ಗೋಡೆಯೂ ಕಂದಾಯಿತು, ಕಣ್ಣಿಗೆ ಸೀಗೆ ಹೋಗಿ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕಣ್ಣುಜ್ಜಿಕೊಂಡು ಕೂಗಾಡಿದೆವು. ಒರೆಸಿ, ಒಣಗಿಸಿ, ಅಂಗೈ ಇಟ್ಟು ನೋಡಿದರೆ ಗೋಡೆ ಒರಟಾಗಿ ಸ್ವಚ್ಛವಾಗಿತ್ತು, ಎಣ್ಣೆ ಹೋದ ಕೂದಲಿನ ಹಾಗೆ. ಬಣ್ಣ ಹತ್ತಿತು. ಬೇವುಬೆಲ್ಲವನ್ನು ಆ ವರ್ಷ ನಾವು ಗಾಡಿಯೊಳಗೇ ನಿಂತು ತಿಂದೆವು.

ಭಾನುವಾರ ಪಾಟೀಲರು ಟ್ರೈಲರನ್ನು ಎಳೆದುಕೊಂಡು ಹೊರಟರು, ಇವರು ಕಾರಿನಲ್ಲಿ ಹಿಂದೆ ಹಿಂದೆ. ಒಂದು ಹೆಬ್ಬಾತೂ ಇಲ್ಲದ, ಹಾಲಿನಂಥ ಗೋಡೆಯ ಗಾಡಿ. ನಾನು ಗೆದ್ದವಳ ಹಾಗೆ ಕೈ ಬೀಸಿದೆ. ಅದು ತಿರುವಿನಲ್ಲಿ ಮರೆಯಾದ ಮೇಲೆ ಡ್ರೈವ್‌ವೇಯಲ್ಲಿ ಉಳಿದದ್ದು ಬಿಳಿ ಬಣ್ಣದ ನಾಲ್ಕು ಹನಿ. ಅವನ್ನು ಕೆರೆಯಲು ನನಗೆ ಮನಸ್ಸಾಗಲಿಲ್ಲ.

ಮಿಶಿಗನ್ನಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಇವರ ಫೋನು ಬರುವಾಗ ಅಲ್ಲಿ ಊಟ ಮುಗಿದಿರುತ್ತಿತ್ತು, ಇಲ್ಲಿ ನಾನಿನ್ನೂ ಕುಕ್ಕರ್ ಇಡುತ್ತಿರುತ್ತಿದ್ದೆ. ಹೀಟರ್ ಹಾಕಿದರೆ ಗೋಡೆಯಿಂದ ಸೀಗೆಕಾಯಿ ವಾಸನೆ ಬರುತ್ತದೆ, ದಿನಾ ಹಬ್ಬದ ಹಾಗಿದೆ ಅಂತ ಮೊದಮೊದಲು ನಗಿಸುತ್ತಿದ್ದರು. ಎರಡು ವಾರ ಕಳೆದ ಮೇಲೆ ಮಾತು ಕಡಿಮೆಯಾಯಿತು. ನಿದ್ದೆ ಬರುತ್ತಿಲ್ಲವೇ ಅಂತ ಕೇಳಿದೆ. “ನಾಲ್ಕು ಕಡೆನೂ ಬಿಳೀ ಗೋಡೆ ಕಣೇ, ಆಸ್ಪತ್ರೇಲಿ ಅಡ್ಮಿಟ್ ಆದ ಹಾಗಿದೆ,” ಅಂದರು. “ಆ ಹಂಸ ಇದ್ದಿದ್ರೆ ಎಣಿಸ್ತಾ ಮಲಗಬಹುದಿತ್ತು.”

ನನ್ನ ಮೈ ಹೇಗೆ ಉರಿದಿರಬೇಕು, ನೀವೇ ಯೋಚಿಸಿ. ಮೊದಲೇ ಹೇಳಲು ಏನಾಗಿತ್ತು ಅಂದೆ. ಹೇಳಿದ್ದೆನಲ್ಲ, ಇರಲಿ ಬಿಡು ಅಂತ, ಅಂದರು. ಇರಲಿ ಬಿಡು ಎಂಬುದು ಹೇಳುವ ರೀತಿಯೇ? ಉಪ್ಪಿಲ್ಲದ ಸಾರಿಗೂ ಅದೇ ಮಾತು, ಹೋದ ಕೆಲಸಕ್ಕೂ ಅದೇ ಮಾತು. ಇವರ ಇರಲಿ ಬಿಡುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ತಿಳಿದುಕೊಳ್ಳಲು ಬೇರೆ ವಿದ್ಯೆಯೇ ಬೇಕು. ಫೋನಿಟ್ಟು ಗರಾಜಿಗೆ ಹೋದೆ. ಮಾರ್ಲೀನ್ ಉಡಿಗೆ ಹಾಕಿದ ಸುರುಳಿ ಹಳೆಯ ಟೈರಿನೊಳಗೆ ಕೂತಿತ್ತು.

ಶನಿವಾರ ಕಾವ್ಯಾಳನ್ನು ಕೂರಿಸಿಕೊಂಡು ಐದು ಗಂಟೆ ಡ್ರೈವ್ ಮಾಡಿ ಹೋದೆ. ಕ್ಯಾಂಪ್‌ಗ್ರೌಂಡಿನಲ್ಲಿ ಇವರಂಥವರೇ ಬೇಕಾದಷ್ಟು ಜನ ಇದ್ದರು. ಸಾಲು ಸಾಲು ಗಾಡಿ, ಗಾಡಿಗೊಬ್ಬ ಗಂಡಸು, ಗಂಡಸಿಗೊಂದು ಮಡಿಸುವ ಕುರ್ಚಿ. ನಮ್ಮ ಗಾಡಿಯ ಬಾಗಿಲು ತೆರೆದ ಕೂಡಲೇ ನನಗೆ ಇವರ ಮಾತು ಅರ್ಥವಾಯಿತು. ನಾನೇ ಬಳಿಸಿದ ಬಿಳುಪು ನನ್ನ ಕಣ್ಣಿಗೇ ಚುಚ್ಚಿತು. ಇವರ ಒಲೆಯ ಮೇಲೆ ಮೈದಾ ಹಿಟ್ಟಿಗೆ ನೀರು ಹಾಕಿ ಕುದಿಸಿದೆ, ಇರುವೆ ಬರದಿರಲಿ ಅಂತ ಒಂದು ಚಿಟಿಕೆ ಅರಿಶಿನ ಹಾಕಿದೆ. ಹಾಸಿಗೆಯ ಮೇಲುಗಡೆ, ಮಲಗಿದರೆ ಕಾಣುವಷ್ಟು ಉದ್ದಕ್ಕೆ ಮಾತ್ರ, ಹೆಬ್ಬಾತುಗಳನ್ನು ನನ್ನ ಕೈಯಾರೆ ಅಂಟಿಸಿದೆ. ಹಲ್ಲು ಕಚ್ಚಿಕೊಂಡೇ ಅಂಟಿಸಿದೆ. ಇವರು ಗಾಡಿಯ ಡ್ರಾಯರಿನಿಂದ ಅಂಗಡಿಯ ಅಂಟಿನ ಟ್ಯೂಬು ತೆಗೆದು, ಹಿಟ್ಟಿನದು ನಿಲ್ಲೋದಿಲ್ಲ, ಇದು ಹಾಕು, ಗಟ್ಟಿಯಾಗಿರುತ್ತೆ ಅಂದರು.

“ಗಟ್ಟಿ ಅಂಟು ಬೇಡ,” ಅಂದೆ. “ನೀವು ಇಲ್ಲಿ ಇರೋಕೆ ಬಂದೋರ್ ಅಲ್ಲ.”

ರಾಯಚೂರಿನ ವಿಷಯವನ್ನು ನಾನು ಇವರಿಗೆ ಹೇಳಿದ್ದು ಆಗ, ಅಂಟು ಮೆತ್ತಿದ ಕೈಯಲ್ಲಿ. ಇವರು ಟ್ಯೂಬನ್ನು ವಾಪಸ್ ಡ್ರಾಯರಿನಲ್ಲಿಟ್ಟರು. ಆವತ್ತು ಒಂದು ಸಲವೂ ಇರಲಿ ಬಿಡು ಅನ್ನಲಿಲ್ಲ. ಬರ್ತೀನಿ ಕಣೆ ಅಂದರು.

ಆಮೇಲೆ ಏನಾಯಿತು ಅಂತ ಹೇಳದಿದ್ದರೆ ನೀವು ನನ್ನನ್ನು ಬೈಯುತ್ತೀರಿ. ಇರುವೆಗಳು ಅರಿಶಿನಕ್ಕೆ ಹೆದರಲಿಲ್ಲ, ಹೆಬ್ಬಾತುಗಳ ಹಿಂದೆ ಅವೂ ಸಾಲಾಗಿ ಹೊರಟವಂತೆ. ಬೇಸಿಗೆಯ ಶೆಖೆಗೆ ಬಾರ್ಡರಿನ ತುದಿಗಳು ಎದ್ದವು. ಪ್ರತಿ ಸಲ ಹೋದಾಗಲೂ ನಾನು ಬೈಯುತ್ತ ಬೈಯುತ್ತ ಒಂದಿಷ್ಟು ಮೈದಾ ಕುದಿಸಿ ಒತ್ತಿ ಬಂದೆ. ಎಲೆ ಕೆಂಪಾಗುವ ಹೊತ್ತಿಗೆ ಇವರಿಗೆ ಡೆಸ್ ಪ್ಲೇನ್ಸ್‌ನಲ್ಲಿ ಕೆಲಸ ಸಿಕ್ಕಿತು. ಮೊದಲಿನದಕ್ಕಿಂತ ಚಿಕ್ಕ ಕೆಲಸ, ಕಿಟಕಿ ಇಲ್ಲ, ಕೊಳವಂತೂ ಇಲ್ಲವೇ ಇಲ್ಲ. ಲೈಲ್‌ನ ಆ ಕಂಪನಿಯವರ ಮೇಲಿನ ನನ್ನ ಸಿಟ್ಟು ಅದರಿಂದೇನೂ ಇಳಿಯಲಿಲ್ಲ, ಇಳಿಯಬೇಕು ಅಂತ ನನಗೆ ಆಸೆಯೂ ಇಲ್ಲ.

ಚಳಿಗಾಲಕ್ಕೆಂದು ಕ್ಯಾಂಪ್‌ಗ್ರೌಂಡ್ ಮುಚ್ಚುವ ವಾರ ಪಾಟೀಲರ ಟ್ರಕ್ಕಿನಲ್ಲೇ ಇವರನ್ನೂ ಗಾಡಿಯನ್ನೂ ಕರೆತರಲು ಹೋದೆವು. ಮುಂದೆ ಈ ಗಾಡಿ ಕೊಳ್ಳುವವಳು ಯಾರೋ, ಅವಳ ಬಾಯಲ್ಲಿ ನಾನು ಬೈಗುಳ ತಿನ್ನಬಾರದು ಅಂತ ಒದ್ದೆ ಬಟ್ಟೆಯೊಂದನ್ನು ಹೆಬ್ಬಾತುಗಳ ಮೇಲೆ ಒತ್ತಿಟ್ಟು, ಹೊರಗೆ ಪಾಟೀಲರಿಗೆ ಕಾಫಿ ಕೊಡಲು ಹೋದೆ. ದೋಸೆ ಮಗುಚುವ ಕೈಯನ್ನೂ ಮರೆಯದೆ ತಂದಿದ್ದೆ. ವಾಪಸ್ ಬಂದು ನೋಡಿದರೆ ಅದು ಬೇಕಾಗಿರಲಿಲ್ಲ. ಬಾರ್ಡರು ತಾನಾಗಿಯೇ ಗೋಡೆ ಬಿಟ್ಟು, ಒಂದೇ ತುಂಡಾಗಿ ಹಾಸಿಗೆಯ ಮೇಲೆ ಬಿದ್ದಿತ್ತು. ಇವರು ಅದನ್ನು ಪಕ್ಕಕ್ಕೆ ಸರಿಸಿ, ಹೊದಿಕೆ ಮಡಚುತ್ತಿದ್ದರು.